ಇವರಿಬ್ಬರಿಗೆ ಅಡ್ಡ ಬಂದದ್ದು ಏನು?

ಪ್ರಶ್ನೆ: ಮಗಳ ಮನೆಗೆಂದು ವರ್ಜೀನಿಯಾಕ್ಕೆ ಬಂದಿದ್ದೇನೆ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಇಲ್ಲಿನ ಲೈಬ್ರರಿಯಲ್ಲಿ ‘ಕ್ಲೀನ್ ಹಿಸ್ಟಾರಿಕಲ್ ರೊಮಾನ್ಸ್’ ಅಂತ ಒಂದು ಕಪಾಟೇ ಇದೆ. ಬ್ರಿಟಿಷರ ಕಾಲದ ಅಮೆರಿಕದ ಪ್ರೇಮಕಥೆಗಳು. ಕೈ ಹಿಡಿಯುವುದಕ್ಕೇ ಇನ್ನೂರು ಪುಟ ಬೇಕು, ನನಗೆ ಅದೇ ಇಷ್ಟ. ಮಗಳು ಮಾತ್ರ ನಗುತ್ತಾಳೆ. “ಅಮ್ಮಾ, ಆ ಕಾಲ ಹಾಗಿರಲೇ ಇಲ್ಲ. ಗುಲಾಮರನ್ನು ಮರೆಮಾಡಿ ಬರೆದ ಕಥೆ ಇವು” ಅನ್ನುತ್ತಾಳೆ. ಇವುಗಳಲ್ಲಿ ನಿಜ ಎಷ್ಟು? ಒಳ್ಳೆಯದನ್ನು ಆರಿಸುವುದು ಹೇಗೆ? ಸುಮ್ನೆ ಖುಷಿಗೆ ಓದಿದರೆ ತಪ್ಪಾ?

ಉತ್ತರ: ಖುಷಿಯಾಗಿ ಓದಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಾನು ಅಮೆರಿಕದ ಇತಿಹಾಸ ಪಾಠ ಮಾಡುವವಳು, ಈ ಕಾದಂಬರಿಗಳ ಹಳೇ ಗಿರಾಕಿಯೂ ಹೌದು. ನಿಮ್ಮ ಮಗಳ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ತಿಳಿದುಕೊಂಡರೆ ಓದುವ ರುಚಿ ಜಾಸ್ತಿಯೇ ಆಗುತ್ತದೆ.

ಇಂಥ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಒಂದನ್ನೇ. ಈ ಹುಡುಗ ಹುಡುಗಿಗೆ ಅಡ್ಡ ಬಂದಿರುವುದು ಏನು? ಅವನು ಬೇರೆ ಯಾರನ್ನೋ ನೋಡಿ ನಕ್ಕ, ಇವಳು ತಪ್ಪು ತಿಳಿದು ಮುನಿಸಿಕೊಂಡಳು, ಮುನ್ನೂರು ಪುಟ ಮಾತು ಬಿಟ್ಟರು. ಇಷ್ಟೇ ಆದರೆ ಆ ಕಥೆ ಎಲ್ಲಿ ಬೇಕಾದರೂ ನಡೆಯಬಹುದು. ಮೇಣದಬತ್ತಿ, ಬಾನೆಟ್ಟು, ಕುದುರೆಗಾಡಿ ಎಲ್ಲ ಬರೀ ವೇಷ. ಅಡ್ಡಿ ಆ ಊರಿನ ಕಾನೂನಿನಿಂದ ಬಂದಿದ್ದರೆ, ಸಾಲದಿಂದ, ಚರ್ಚಿನಿಂದ, ಸಮುದ್ರದ ದೂರದಿಂದ ಬಂದಿದ್ದರೆ, ಆಗ ಪುಸ್ತಕಕ್ಕೆ ಬೇರೆಯೇ ಬಿಗಿ ಬರುತ್ತದೆ. ಇಬ್ಬರೂ ಕೈ ಹಿಡಿಯದೆ ದೂರ ನಿಲ್ಲುವುದು ಲೇಖಕಿಯ ಮಡಿವಂತಿಕೆಯಿಂದಲ್ಲ, ಹಿಡಿದರೆ ನಿಜವಾಗಿಯೂ ಏನೋ ಕಳೆದುಕೊಳ್ಳುತ್ತಾರೆ ಅನ್ನುವುದರಿಂದ.

ಏನು ಕಳೆದುಕೊಳ್ಳುತ್ತಿದ್ದರು? ಕರಾರಿನ ಆಳುಗಳನ್ನೇ ತೆಗೆದುಕೊಳ್ಳಿ. ಯುರೋಪಿನಿಂದ ಈ ವಸಾಹತುಗಳಿಗೆ ಬಂದವರಲ್ಲಿ ಅರ್ಧದಷ್ಟಾದರೂ ಜನ ಸ್ವಂತ ದುಡ್ಡಲ್ಲಿ ಬಂದವರಲ್ಲ. ಹಡಗಿನ ಖರ್ಚಿಗೆ ಬದಲಾಗಿ ನಾಲ್ಕರಿಂದ ಏಳು ವರ್ಷ ದುಡಿಯುತ್ತೇನೆ ಅಂತ ಬರೆದುಕೊಟ್ಟವರು. ಹಡಗು ದಡ ಸೇರಿದ ಮೇಲೆ ಕ್ಯಾಪ್ಟನ್ ಆ ಕರಾರುಪತ್ರವನ್ನು ಯಾರಿಗೋ ಮಾರುತ್ತಿದ್ದ. ನಮ್ಮ ಜೀತದ ಹಾಗೇ ಕಾಣುತ್ತದೆ, ಆದರೆ ಇದಕ್ಕೆ ಗಡುವು ಇತ್ತು. ಗಡುವು ಮುಗಿದ ದಿನ ಒಂದಿಷ್ಟು ಜೋಳ, ಬಟ್ಟೆ, ಕೆಲವು ಕಡೆ ಕೆಲಸದ ಹತ್ಯಾರು ಕೊಟ್ಟು ಕಳಿಸಬೇಕಿತ್ತು. ಅಲ್ಲಿಯವರೆಗೆ ಯಜಮಾನನ ಒಪ್ಪಿಗೆ ಇಲ್ಲದೆ ಮದುವೆ ಆಗುವಂತಿಲ್ಲ. ಗುಟ್ಟಾಗಿ ಆದರೆ ದುಡಿತದ ಅವಧಿ ಬೆಳೆಯುತ್ತಿತ್ತು. ಹುಡುಗಿ ಬಸುರಾದರೆ ಅವಳ ಗಡುವು ಇನ್ನೂ ಮುಂದಕ್ಕೆ ಹೋಗುತ್ತಿತ್ತು, ಬಸುರು ಮಾಡಿದವನು ಯಾರೇ ಆಗಿರಲಿ.

ಈಗ ನೋಡಿ. ಅವಳಿಗೆ ಇನ್ನು ಹನ್ನೊಂದು ತಿಂಗಳು ಬಾಕಿ. ಪಕ್ಕದ ತೋಟದ ಕಮ್ಮಾರ ಒಳ್ಳೆಯವನು, ಅವಳಿಗೂ ಇಷ್ಟ. ಬಾವಿ ಹತ್ತಿರ ಇಬ್ಬರೇ ಸಿಗುತ್ತಾರೆ. ಇಲ್ಲಿ ಮುತ್ತು ಬೇಡ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಓದುವ ನಮಗೂ ಆ ಲೆಕ್ಕ ಗೊತ್ತಿರುತ್ತದೆ. ಅವಳು ಬಿಂದಿಗೆ ಎತ್ತಿಕೊಂಡು ಹೊರಟುಹೋದರೆ ಎದೆ ಧಸಕ್ ಅನ್ನುತ್ತದೆ. ಕ್ಲೀನ್ ರೊಮಾನ್ಸ್‌ನ ಶಕ್ತಿ ಇರುವುದೇ ಇಲ್ಲಿ.

ಇಂಥ ಆಳುಗಳಲ್ಲಿ ನಮ್ಮ ಕಡೆಯವನೂ ಒಬ್ಬನಿದ್ದ ಅಂದರೆ ನಂಬುತ್ತೀರಾ? 1635ರ ವರ್ಜೀನಿಯಾದ ಒಂದು ದಾಖಲೆಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಅಂತ ಒಂದು ಹೆಸರು ಇದೆ. ಇಂಡಿಯಾದಿಂದ ಬಂದವನು, ಅಷ್ಟೇ ಗೊತ್ತು. ಭಾರತದಿಂದ ಅಮೆರಿಕಕ್ಕೆ ಬಂದವರ ಪೈಕಿ ದಾಖಲೆಯಲ್ಲಿ ಸಿಗುವ ತೀರಾ ಹಳೆಯ ಹೆಸರುಗಳಲ್ಲಿ ಅದೂ ಒಂದು. ನೀವು ಈಗ ಇರುವ ರಾಜ್ಯದಲ್ಲೇ!

ಇನ್ನು ಹೊಗೆಸೊಪ್ಪಿನ ಮದುಮಗಳು. ಈ ಕಥಾವಸ್ತು ನಿಮ್ಮ ಕಪಾಟಿನಲ್ಲಿ ನಾಲ್ಕೈದು ಪುಸ್ತಕದಲ್ಲಾದರೂ ಇರುತ್ತದೆ. ಇದು ಕಟ್ಟುಕಥೆ ಅಲ್ಲ. ಜೇಮ್ಸ್‌ಟೌನ್ ಶುರುವಾದದ್ದು 1607ರಲ್ಲಿ. ಬಂದವರೆಲ್ಲ ಹೆಚ್ಚುಕಮ್ಮಿ ಗಂಡಸರೇ. ಸಂಸಾರ ಇಲ್ಲದಿದ್ದರೆ ಇವರು ನಾಲ್ಕು ಕಾಸು ಮಾಡಿಕೊಂಡು ವಾಪಸ್ ಓಡುತ್ತಾರೆ ಅಂತ ವಸಾಹತು ನಡೆಸುತ್ತಿದ್ದ ವರ್ಜೀನಿಯಾ ಕಂಪನಿಗೆ ಭಯ. ಅದಕ್ಕೆ 1620ರಲ್ಲಿ ಸುಮಾರು 90 ಹೆಣ್ಣುಮಕ್ಕಳನ್ನು, ಮರುವರ್ಷ ಇನ್ನೂ 57 ಜನರನ್ನು ಇಂಗ್ಲೆಂಡಿನಿಂದ ಕಳಿಸಿತು. ಮದುವೆಯಾಗುವ ಗಂಡು ಅವಳ ಪ್ರಯಾಣದ ಖರ್ಚು ತೀರಿಸಬೇಕು. ಹೊಗೆಸೊಪ್ಪಿನಲ್ಲಿ, ಯಾಕೆಂದರೆ ಅಲ್ಲಿ ಅದೇ ದುಡ್ಡು. ಮೊದಲು 120 ಪೌಂಡ್ ತೂಕ, ಆಮೇಲೆ 150. ಹೆಣ್ಣಿಗೆ ಇಷ್ಟವಿಲ್ಲದ ಮದುವೆ ಮಾಡಬಾರದು, ಆಳುಗಳಿಗೆ ಕೊಡಬಾರದು ಅಂತಲೂ ಕಂಪನಿ ಹೇಳಿತ್ತು.

ಓದಿದ ಕೂಡಲೇ ಕಥೆ ಹುಟ್ಟುತ್ತದೆ ಅಲ್ವಾ? ಇಷ್ಟ ಇಲ್ಲ ಅನ್ನುವ ಹಕ್ಕು ಅವಳಿಗಿದೆ. ಆದರೆ ವಾಪಸ್ ಹೋಗಲು ಹಡಗಿನ ದುಡ್ಡಿಲ್ಲ. ಒಳ್ಳೆಯ ಲೇಖಕಿ ಈ ಎರಡರ ನಡುವೆ ಅವಳನ್ನು ನಿಲ್ಲಿಸುತ್ತಾಳೆ. ಕೆಟ್ಟ ಲೇಖಕಿ ಮೊದಲ ಅಧ್ಯಾಯದಲ್ಲೇ ದೋಣಿಯ ಬಳಿ ಒಬ್ಬ ಸುಂದರಾಂಗನನ್ನು ನಿಲ್ಲಿಸಿಬಿಡುತ್ತಾಳೆ. ಇನ್ನೊಂದು ಮಾತು. 1622ರ ಮಾರ್ಚ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೊವಾಟನ್ ಜನ ವಸಾಹತಿನ ಮೇಲೆ ದಾಳಿ ಮಾಡಿದರು, 347 ಜನ ಸತ್ತರು. 1621ರ ಕಥೆ ಓದುವಾಗ ಈ ತಾರೀಖು ತಲೆಯಲ್ಲಿರಲಿ. ಪುಸ್ತಕದ ಕೊನೆಯ ಮದುವೆಯ ಊಟ ಬೇರೆ ಥರ ಕಾಣುತ್ತದೆ.

ಮದುವೆಯ ಕಾನೂನು ಊರೂರಿಗೆ ಬೇರೆ ಇತ್ತು. ನ್ಯೂ ಇಂಗ್ಲೆಂಡ್ ಅಂದರೆ ಈಶಾನ್ಯದ ವಸಾಹತುಗಳು. ಅಲ್ಲಿನ ಪ್ಯೂರಿಟನ್ನರು ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರಿಗೆ ಮದುವೆ ಅಂದರೆ ಕರಾರು, ಚರ್ಚಿನ ಸಂಸ್ಕಾರವಲ್ಲ. ಪಾದ್ರಿ ಬೇಕಿಲ್ಲ, ಮ್ಯಾಜಿಸ್ಟ್ರೇಟ್ ಸಾಕು. 1621ರಲ್ಲಿ ಪ್ಲಿಮತ್‌ನ ಮೊದಲ ಮದುವೆ ಹಾಗೆಯೇ ಆಯಿತು. ಗಂಡು ಎಡ್ವರ್ಡ್ ವಿನ್ಸ್‌ಲೋ, ಹೆಣ್ಣು ಸುಸಾನಾ ವೈಟ್. ಇಬ್ಬರೂ ಅದೇ ವರ್ಷ ತಮ್ಮ ಗಂಡನನ್ನು, ಹೆಂಡತಿಯನ್ನು ಕಳೆದುಕೊಂಡವರು. ಹಾಗಾಗಿ 1650ರ ಬಾಸ್ಟನ್ನಿನಲ್ಲಿ ಪಾದ್ರಿಯ ಮುಂದೆ, ಹೂವಿನ ಅಲಂಕಾರದಲ್ಲಿ, ಬಿಳಿ ಗೌನಿನ ಮದುವೆ ನಡೆದರೆ ಲೇಖಕಿ ಮನೆಪಾಠ ಮಾಡಿಲ್ಲ ಅಂತ ಅರ್ಥ. ಬಿಳಿ ಗೌನು ರೂಢಿಗೆ ಬಂದದ್ದು ವಿಕ್ಟೋರಿಯಾ ರಾಣಿ 1840ರಲ್ಲಿ ಅದನ್ನು ಉಟ್ಟ ಮೇಲೆ. ಪ್ಯೂರಿಟನ್ ಮನೆಯಲ್ಲಿ ಕ್ರಿಸ್‌ಮಸ್ ಸಂಭ್ರಮ ಬಂದರೂ ಅನುಮಾನ ಪಡಿ. ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲ್ಲಿಂಗ್ ದಂಡ!

ಕ್ವೇಕರ್‌ಗಳದ್ದು ಇನ್ನೊಂದು ಬಗೆ. ಈ ಕ್ರೈಸ್ತ ಪಂಥದಲ್ಲಿ ಪಾದ್ರಿಯೇ ಇಲ್ಲ. ಗಂಡು ಹೆಣ್ಣು ಸಭೆಯಲ್ಲಿ ಎದ್ದು ನಿಂತು ತಾವೇ ಮಾತು ಕೊಡುತ್ತಾರೆ, ಬಂದವರೆಲ್ಲ ಪತ್ರಕ್ಕೆ ಸಹಿ ಹಾಕುತ್ತಾರೆ. ಎಷ್ಟು ಚೆಂದ ಅಂತೀರಾ? ಆದರೆ ಬೇರೆ ಪಂಥದವನನ್ನು ಮದುವೆಯಾದರೆ ಹೊರಗೆ. ಅಮೆರಿಕದ ಮೊದಲ ಬಾವುಟ ಹೊಲಿದಳು ಅನ್ನುವ ಕಥೆಯಿಂದ ಹೆಸರಾದ ಬೆಟ್ಸಿ ರಾಸ್ ಕ್ವೇಕರ್ ಮನೆಯ ಹುಡುಗಿ. 1773ರಲ್ಲಿ ಆಂಗ್ಲಿಕನ್ ಹುಡುಗ ಜಾನ್ ರಾಸ್ ಜೊತೆ ಫಿಲಡೆಲ್ಫಿಯಾದಿಂದ ನದಿ ದಾಟಿ ನ್ಯೂ ಜೆರ್ಸಿಗೆ ಹೋಗಿ ಮದುವೆಯಾದಳು. ಅವಳ ಸಭೆ ಅವಳನ್ನು ಕೈಬಿಟ್ಟಿತು. ಬಾವುಟ ಹೊಲಿದಳೋ ಇಲ್ಲವೋ ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಆ ದೋಣಿಯ ಕಥೆಯೇ ಹೆಚ್ಚು ಇಷ್ಟ.

ಬೆಂಜಮಿನ್ ಫ್ರಾಂಕ್ಲಿನ್ ಮದುವೆಯಂತೂ ಕಾದಂಬರಿಗೆ ಹೇಳಿ ಮಾಡಿಸಿದ್ದು. ಡೆಬೊರಾ ರೀಡ್ ಅನ್ನುವ ಹುಡುಗಿಗೆ ಮಾತು ಕೊಟ್ಟು ಲಂಡನ್ನಿಗೆ ಹೋದ. ಅಲ್ಲಿ ಹೋಗಿ ಮರೆತ. ಅವಳು ಜಾನ್ ರಾಜರ್ಸ್ ಅನ್ನುವ ಕುಂಬಾರನನ್ನು ಮದುವೆಯಾದಳು. ಅವನಿಗೆ ಇಂಗ್ಲೆಂಡಿನಲ್ಲಿ ಬೇರೆ ಹೆಂಡತಿ ಇದ್ದಾಳೆ ಅಂತ ಸುದ್ದಿ. ಅವನು ಸಾಲ ಮಾಡಿ ವೆಸ್ಟ್ ಇಂಡೀಸ್‌ಗೆ ಪರಾರಿಯಾದ. ಅಲ್ಲೇ ಸತ್ತ ಅಂತ ಇನ್ನೊಂದು ಸುದ್ದಿ. ಎರಡಕ್ಕೂ ಸಾಕ್ಷಿ ಇಲ್ಲ. ಅವನು ಬದುಕಿದ್ದು ಇವಳು ಮತ್ತೆ ಮದುವೆಯಾದರೆ 39 ಛಡಿ ಏಟು ಮತ್ತು ಜೀವಾವಧಿ ಜೈಲು. ಸತ್ತಿದ್ದರೆ ಅವನ ಸಾಲ ಹೊಸ ಗಂಡನ ತಲೆಗೆ ಬರಬಹುದು. ಕೊನೆಗೆ 1730ರ ಸೆಪ್ಟೆಂಬರ್ 1ರಂದು ಯಾವ ಶಾಸ್ತ್ರವೂ ಇಲ್ಲದೆ ಇಬ್ಬರೂ ಗಂಡ ಹೆಂಡತಿಯಾಗಿ ಒಂದೇ ಮನೆಯಲ್ಲಿ ಬಾಳಲು ಶುರುಮಾಡಿದರು. 1774ರಲ್ಲಿ ಅವಳು ಸಾಯುವವರೆಗೂ ಅದೇ ಅವರ ಮದುವೆ. ‘ಗಂಡ ಸತ್ತನೋ ಇಲ್ಲವೋ’ ಅನ್ನುವ ತಿರುವು ನಿಮ್ಮ ಪುಸ್ತಕದಲ್ಲಿ ಬಂದರೆ ಮಗಳು ನಗಲಿ ಬಿಡಿ. ಸಮುದ್ರದಾಚೆಯ ಸುದ್ದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಅದು ನಿಜವಾದ ಸಂಕಟ. ಅಂದ ಹಾಗೆ, ಅಮೆರಿಕದಲ್ಲಿ ಅಚ್ಚಾದ ಮೊದಲ ಕಾದಂಬರಿಯನ್ನು ಮುದ್ರಿಸಿದವನೂ ಇದೇ ಫ್ರಾಂಕ್ಲಿನ್, 1740ರ ದಶಕದಲ್ಲಿ. ಇಂಗ್ಲೆಂಡಿನಿಂದ ಬಂದ ‘ಪಮೇಲಾ’. ಮನೆಗೆಲಸದ ಹುಡುಗಿಯೊಬ್ಬಳು ಯಜಮಾನನ ಕಾಟಕ್ಕೆ ಮಣಿಯದೆ, ಕೊನೆಗೆ ಅವನನ್ನೇ ಮದುವೆಯಾಗುವ ಕಥೆ. ನಿಮ್ಮ ಕಪಾಟಿನ ಪುಸ್ತಕಗಳ ಮುತ್ತಜ್ಜಿ ಅದು.

ಈಗ ಮಗಳ ಮೊದಲ ತಕರಾರಿಗೆ ಬರೋಣ. ಜನ ನಿಜಕ್ಕೂ ಅಷ್ಟು ದೂರ ದೂರ ಇದ್ದರಾ? ಇಲ್ಲ. ನ್ಯೂ ಇಂಗ್ಲೆಂಡಿನಲ್ಲಿ 1700ರ ದಶಕದ ಕೊನೆಯ ಹೊತ್ತಿಗೆ ಮೊದಲ ಮಕ್ಕಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಮದುವೆಗೆ ಮುಂಚೆಯೇ ಬಸುರಲ್ಲಿದ್ದವು. ಇತಿಹಾಸಕಾರರು ಮದುವೆಯ ದಿನವನ್ನೂ ಮಗುವಿನ ಜನ್ಮದಿನವನ್ನೂ ಎದುರುಬದುರು ಇಟ್ಟು ತೆಗೆದ ಲೆಕ್ಕ ಇದು. ಏಳು ತಿಂಗಳಿಗೇ ಮಗು ಹುಟ್ಟಿದರೆ ಕೆಲವು ಚರ್ಚುಗಳಲ್ಲಿ ಗಂಡ ಹೆಂಡತಿ ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕಿತ್ತು, ಆಮೇಲೇ ಮಗುವಿಗೆ ದೀಕ್ಷಾಸ್ನಾನ. ‘ಬಂಡ್ಲಿಂಗ್’ ಅಂತ ಒಂದು ಪದ್ಧತಿಯೂ ಇತ್ತು. ಹೆಣ್ಣು ನೋಡಲು ದೂರದಿಂದ ಬಂದ ಹುಡುಗ ರಾತ್ರಿ ಹಿಂದಿರುಗುವಂತಿಲ್ಲ. ಚಳಿಗಾಲ, ಸೌದೆ ದುಬಾರಿ, ಮನೆಗೆ ಇರುವುದು ಒಂದೋ ಎರಡೋ ಕೋಣೆ. ಹುಡುಗ ಹುಡುಗಿ ಬಟ್ಟೆ ಹಾಕಿಕೊಂಡೇ ಒಂದೇ ಹಾಸಿಗೆಯಲ್ಲಿ ಮಲಗಿ ಮಾತಾಡಬಹುದು, ಅಪ್ಪ ಅಮ್ಮ ಪಕ್ಕದಲ್ಲೇ. ಕೆಲವು ಮನೆಗಳಲ್ಲಿ ನಡುವೆ ಹಲಗೆಯನ್ನೂ ಇಡುತ್ತಿದ್ದರಂತೆ. ಪಾದ್ರಿಗಳು ಬೈದು ಬೈದು ಸುಸ್ತಾದರು.

ಹಾಗಾದರೆ ಕ್ಲೀನ್ ಕಾದಂಬರಿ ಸುಳ್ಳಾಯಿತಾ? ಹಾಗೇನಿಲ್ಲ. ಮೂರರಲ್ಲಿ ಒಂದು ಪಾಲು ಹೀಗಾದರೆ ಉಳಿದ ಎರಡು ಪಾಲು ಹಾಗಾಗಲಿಲ್ಲ ಅಂತಲೂ ಆಯಿತಲ್ಲ. ಸಂಯಮ ಇತ್ತು, ಅದಕ್ಕೆ ಕಾವಲೂ ಇತ್ತು, ಕಾವಲು ತಪ್ಪಿದ್ದೂ ಇತ್ತು. ಹಾಸಿಗೆಯ ವಿವರ ಬರೆಯದೆಯೂ ಈ ಮೂರನ್ನೂ ಹೇಳಬಹುದು. ಊರಿನವರು ಬೆರಳು ಮಡಿಸಿ ತಿಂಗಳು ಎಣಿಸುವುದನ್ನು ತೋರಿಸಿದರೆ ಸಾಕು. ನನಗೆ ಸಿಟ್ಟು ಬರುವುದು ಕಥಾನಾಯಕಿ ಒಬ್ಬಳೇ ಪರಿಶುದ್ಧೆ, ಊರಿನ ಉಳಿದ ಹೆಂಗಸರೆಲ್ಲ ಹಾಳು ಅಂತ ಬರೆದಾಗ. ಇನ್ನೊಂದು, ಹದಿನಾರರ ನಾಯಕಿಯರು. ನ್ಯೂ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆ ಮದುವೆ ಆಗುತ್ತಿದ್ದರು, ಗಂಡಸರು ಇಪ್ಪತ್ತೈದರ ಆಸುಪಾಸಿನಲ್ಲಿ.

ಆ ಕಾಲದ ನಿಜವಾದ ‘ಕ್ಲೀನ್’ ಪ್ರಣಯ ಹೇಗಿತ್ತು ಅಂತ ನೋಡಬೇಕಾದರೆ ಬಾಸ್ಟನ್ನಿನ ಜಡ್ಜ್ ಸ್ಯಾಮ್ಯುಯೆಲ್ ಸೀವಾಲ್ ಡೈರಿ ಓದಬೇಕು. 1692ರ ಸೇಲಂ ಮಾಟಗಾತಿ ವಿಚಾರಣೆಯಲ್ಲಿ ಕುಳಿತಿದ್ದ ನ್ಯಾಯಾಧೀಶ ಇವನು. ಐದು ವರ್ಷದ ಮೇಲೆ ಚರ್ಚಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದವನೂ ಇವನೇ. 1720ರಲ್ಲಿ ಇವನಿಗೆ 68 ವರ್ಷ. ಎರಡನೇ ಹೆಂಡತಿಯೂ ತೀರಿಕೊಂಡಿದ್ದಳು. ಕ್ಯಾಥರೀನ್ ವಿಂಥ್ರಾಪ್ ಅನ್ನುವ ವಿಧವೆಯ ಮನೆಗೆ ಓಡಾಡಲು ಶುರುಮಾಡಿದ. ಹೋಗುವಾಗ ಸಕ್ಕರೆ ಹಚ್ಚಿದ ಬಾದಾಮಿ ಒಯ್ಯುತ್ತಿದ್ದ. ಅದರ ಬೆಲೆಯನ್ನೂ ಡೈರಿಯಲ್ಲಿ ಬರೆದಿಟ್ಟ! ಒಂದು ಸಂಜೆ ಅವಳ ಕೈಗವಸು ತೆಗೆಯಲು ಅನುಮತಿ ಕೇಳಿದ. ಯಾಕೆ ಅಂದಳು. ಸತ್ತ ಆಡನ್ನು ಮುಟ್ಟುವುದಕ್ಕೂ ಜೀವಂತ ಹೆಂಗಸನ್ನು ಮುಟ್ಟುವುದಕ್ಕೂ ಬಹಳ ವ್ಯತ್ಯಾಸ ಇದೆ ಅಂದ. ಗವಸು ಆಡಿನ ಚರ್ಮದ್ದು. ಗವಸು ಕಳಚಿತು.

ಮದುವೆ ಮಾತ್ರ ಕುದುರಲಿಲ್ಲ. ಅವಳಿಗೆ ಓಡಾಡಲು ಕುದುರೆಗಾಡಿ ಬೇಕು. ವರ್ಷಕ್ಕೆ ನೂರು ಪೌಂಡ್ ಖರ್ಚು ಅಂದ ಇವನು. ನಲವತ್ತು ಸಾಕು ಅಂದಳು ಅವಳು. ಅವನು ವಿಗ್ ಹಾಕಿಕೊಳ್ಳಲಿ ಅಂತ ಅವಳ ಆಸೆ. ದೇವರು ಕೊಟ್ಟ ಕೂದಲೇ ಸಾಕು ಅಂತ ಇವನ ಹಟ. ಬರಬರುತ್ತಾ ಅವಳ ಮನೆಯ ಒಲೆಯಲ್ಲಿ ಸೌದೆ ಕಡಿಮೆಯಾಯಿತು. ಉಟ್ಟ ಬಟ್ಟೆಯೂ ಮೊದಲಿನಷ್ಟು ಶುಭ್ರವಾಗಿರಲಿಲ್ಲ ಅಂತ ಬರೆದುಕೊಂಡ. ಗವಸು ತೆಗೆ ಅಂತ ಇವನು ಕೇಳಲಿಲ್ಲ. ಅಲ್ಲಿಗೆ ಮುಗಿಯಿತು. 1722ರಲ್ಲಿ ಬೇರೆ ವಿಧವೆಯನ್ನು ಮದುವೆಯಾದ. ಈ ಡೈರಿಯಲ್ಲಿ ಒಂದು ಮುತ್ತು ಇರಬಹುದು, ಎರಡಿರಬಹುದು. ಆದರೂ ಆಸೆ, ಲೆಕ್ಕಾಚಾರ, ಅಹಂಕಾರ, ಒಂಟಿತನ ಎಲ್ಲ ಇದೆ. ಆ ಒಲೆಯ ಸೌದೆಯಂಥ ಒಂದು ವಿವರ ಕೊಡಬಲ್ಲ ಲೇಖಕಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಮಗಳ ಎರಡನೇ ತಕರಾರು ದೊಡ್ಡದು. ಅವಳು ಹೇಳಿದ್ದು ಸರಿ. ನೀವು ವಿಲಿಯಮ್ಸ್‌ಬರ್ಗ್‌ಗೆ ಹೋಗಿರಬಹುದು, ಇಲ್ಲದಿದ್ದರೆ ಹೋಗಿಬನ್ನಿ. 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ. ಎಷ್ಟೋ ಪ್ರೇಮಕಥೆಗಳ ಬಾಲ್ ಡ್ಯಾನ್ಸ್ ನಡೆಯುವುದು ಅಲ್ಲೇ. 1775ರಲ್ಲಿ ಆ ಊರಿನ ಜನರಲ್ಲಿ ಸುಮಾರು ಅರ್ಧ ಕಪ್ಪುಜನ, ಹೆಚ್ಚಿನವರು ಗುಲಾಮರು. ಹಾಗಿರುವಾಗ ನಾಯಕಿಯ ಕೋಣೆಗೆ ಬಿಸಿನೀರು ತಂದವರು ಯಾರು? ಗೌನಿನ ದಾರ ಬಿಗಿದವರು ಯಾರು? ‘ಮೇಡ್’ ಅಂತ ಒಂದು ಪದ ಬರೆದು ಮುಂದೆ ಹೋಗುವ ಪುಸ್ತಕ ಅರ್ಧ ಊರನ್ನೇ ಅಳಿಸಿದಂತೆ. ನಾಯಕ ತುಂಬಾ ಒಳ್ಳೆಯ ಯಜಮಾನ, ಅವನ ಗುಲಾಮರೆಲ್ಲ ಹಾಡುತ್ತಾ ಸುಖವಾಗಿದ್ದರು ಅನ್ನುವ ಪುಸ್ತಕ ಇನ್ನೂ ಕೆಟ್ಟದು. ಅಂಥದ್ದು ಸಿಕ್ಕರೆ ನಾನು ಅಲ್ಲೇ ಮುಚ್ಚುತ್ತೇನೆ.

ಆದರೆ ಗುಲಾಮಗಿರಿಯನ್ನು ನೇರವಾಗಿ ನೋಡಿದರೆ ಪ್ರೇಮಕಥೆ ಬರೆಯಲಾಗದು ಅನ್ನುವುದನ್ನು ಒಪ್ಪಲಾರೆ. ಎಲಿಜಬೆತ್ ಕೀ ಕಥೆ ಕೇಳಿ. ಅವಳಪ್ಪ ಇಂಗ್ಲಿಷ್‌ನವನು, ತಾಯಿ ಆಫ್ರಿಕದವಳು. ಇಂತಿಷ್ಟು ವರ್ಷ ಅಂತ ಅವಳನ್ನು ಕೆಲಸಕ್ಕೆ ಬಿಟ್ಟಿದ್ದರು. ಆ ವರ್ಷಗಳು ಮುಗಿದು ಎಷ್ಟೋ ಕಾಲ ಕಳೆದರೂ ಬಿಡುಗಡೆ ಇಲ್ಲ. ಯಜಮಾನ ಸತ್ತ ಮೇಲೆ ಅವಳನ್ನು ಗುಲಾಮಳು ಅಂತ ಲೆಕ್ಕ ಹಾಕಿದರು. ಅವಳು ಕೋರ್ಟಿಗೆ ಹೋದಳು. ಅವಳ ಪರ ವಾದ ಮಾಡಿದವನು ವಿಲಿಯಂ ಗ್ರಿನ್‌ಸ್ಟೆಡ್, ಅವನೂ ಕರಾರಿನ ಮೇಲೆ ಬಂದ ಹುಡುಗ. ನನ್ನ ತಂದೆ ಇಂಗ್ಲಿಷ್‌ನವನು, ನನಗೆ ದೀಕ್ಷಾಸ್ನಾನ ಆಗಿದೆ, ನನ್ನ ಗಡುವು ಮುಗಿದಿದೆ ಅಂತ ಅವಳ ವಾದ. ಒಮ್ಮೆ ಗೆದ್ದು, ಮೇಲಿನ ಕೋರ್ಟಿನಲ್ಲಿ ಸೋತು, ಮತ್ತೆ 1656ರಲ್ಲಿ ಗೆದ್ದಳು. ಬಿಡುಗಡೆಯಾದ ಮೇಲೆ ಅದೇ ಗ್ರಿನ್‌ಸ್ಟೆಡ್‌ನನ್ನು ಮದುವೆಯಾದಳು. ಅದಕ್ಕೂ ಮುಂಚೆ ಅವರಿಗೆ ಮಗು ಆಗಿತ್ತು, ಹಾಗಾಗಿ ‘ಕ್ಲೀನ್’ ಅನ್ನುವ ಕಪಾಟಿಗೆ ಪೂರ್ತಿ ಹೊಂದಲಿಕ್ಕಿಲ್ಲ. ಆದರೆ ಇದಕ್ಕಿಂತ ದೊಡ್ಡ ಅಡ್ಡಿ, ಇದಕ್ಕಿಂತ ದೊಡ್ಡ ಗೆಲುವು ಎಲ್ಲಿದೆ ಹೇಳಿ? 1662ರಲ್ಲಿ ವರ್ಜೀನಿಯಾ ಆ ಬಾಗಿಲನ್ನೂ ಮುಚ್ಚಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರಾದರೇನು. 1691ರಲ್ಲಿ ಇನ್ನೊಂದು ಕಾನೂನು ಬಂತು. ಬಿಳಿಯರು ಕಪ್ಪುಜನರನ್ನೋ ಮೂಲನಿವಾಸಿಗಳನ್ನೋ ಮದುವೆಯಾದರೆ ವಸಾಹತಿನಿಂದಲೇ ಗಡೀಪಾರು. ಹಾಗಾಗಿ ಕಥೆ ಯಾವ ವರ್ಷದ್ದು ಅಂತ ಮೊದಲ ಪುಟದಲ್ಲೇ ನೋಡಿಕೊಳ್ಳಿ. 1650ರಲ್ಲಿ ಆಗಬಹುದಾಗಿದ್ದು 1700ರಲ್ಲಿ ಆಗುವಂತಿರಲಿಲ್ಲ.

ಮೂಲನಿವಾಸಿಗಳ ವಿಷಯದಲ್ಲೂ ಒಂದು ಸುಲಭ ಪರೀಕ್ಷೆ ಇದೆ. ಪುಸ್ತಕದಲ್ಲಿ ಬರೀ ‘ಇಂಡಿಯನ್ನರು’ ಬರುತ್ತಾರಾ, ಅಥವಾ ಒನೈಡಾ, ಶಾನೀ, ಲೆನಪೆ ಅಂತ ಹೆಸರು ಹೇಳಿ, ಅವರೊಳಗೂ ಭಿನ್ನಾಭಿಪ್ರಾಯ ಇರುವ ಮನುಷ್ಯರು ಬರುತ್ತಾರಾ? ಪೊವಾಟನ್ ದೊರೆಯ ಮಗಳು ಪೊಕಹಾಂಟಸ್ ಕಥೆಯನ್ನು ಪ್ರೇಮಕಥೆ ಮಾಡಿ ಮಾರಿದ್ದಾರೆ. 1614ರಲ್ಲಿ ಜಾನ್ ರಾಲ್ಫ್‌ನನ್ನು ಮದುವೆಯಾಗುವ ಮೊದಲು ಅವಳನ್ನು ಇಂಗ್ಲಿಷರು ಅಪಹರಿಸಿ ಒತ್ತೆ ಇಟ್ಟುಕೊಂಡಿದ್ದರು ಅನ್ನುವುದು ಆ ಕಥೆಗಳಲ್ಲಿ ಮೂಲೆಗೆ ಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಯೂನಿಸ್ ವಿಲಿಯಮ್ಸ್ ಬದುಕು. 1704ರ ಡೀರ್‌ಫೀಲ್ಡ್ ದಾಳಿಯಲ್ಲಿ ಪಾದ್ರಿಯ ಏಳು ವರ್ಷದ ಮಗಳಾದ ಇವಳು ಮೊಹಾಕ್ ಮೂಲನಿವಾಸಿಗಳ ಕೈಗೆ ಸಿಕ್ಕಳು. ತಂದೆ ಬಿಡುಗಡೆಯಾಗಿ ಬಂದ, ಅವಳು ಬರಲಿಲ್ಲ. ಇಂಗ್ಲಿಷ್ ಮರೆತಳು, ಅಲ್ಲಿನ ಹುಡುಗನನ್ನೇ ಮದುವೆಯಾದಳು. ವರ್ಷಗಳ ನಂತರ ಗಂಡನ ಜೊತೆ ಅಣ್ಣಂದಿರನ್ನು ನೋಡಲು ಬಂದಳು. ಉಳಿದುಕೋ ಅಂತ ಎಷ್ಟು ಕೇಳಿದರೂ ವಾಪಸ್ ಹೋದಳು. ಸೆರೆ ಸಿಕ್ಕ ಹುಡುಗಿಯನ್ನು ಬಿಳಿ ನಾಯಕ ಬಿಡಿಸಿ ತರುವ ಕಾದಂಬರಿಗಳನ್ನು ಓದುವಾಗ ನನಗೆ ಇವಳ ನೆನಪಾಗುತ್ತದೆ.

ಇನ್ನು ಅಂಗಡಿಯ ಲೇಬಲ್ಲುಗಳು. ‘ಕ್ಲೀನ್’ ಅಂದರೆ ಹಾಸಿಗೆ ದೃಶ್ಯ ಇಲ್ಲ, ಕೆಟ್ಟ ಬೈಗುಳ ಇಲ್ಲ. ‘ಕ್ಲೋಸ್ಡ್ ಡೋರ್’ ಅಂದರೆ ಎಲ್ಲ ನಡೆಯುತ್ತದೆ, ಬಾಗಿಲ ಹಿಂದೆ. ‘ಇನ್‌ಸ್ಪಿರೇಷನಲ್’ ಅಂದರೆ ಕ್ರೈಸ್ತ ಭಕ್ತಿ ಕಥೆಯ ಭಾಗ. ವಸಾಹತು ಕಾಲದ ಪ್ರೇಮಕಥೆಗಳಲ್ಲಿ ಒಳ್ಳೆಯವು ಹಲವು ಈ ಮೂರನೇ ಗುಂಪಿನವು. ಬೆಥನಿ ಹೌಸ್, ರೆವೆಲ್ ಅಂತ ಪುಸ್ತಕದ ಬೆನ್ನಿನ ಮೇಲೆ ಕಂಡರೆ ಅದು ಕ್ರೈಸ್ತ ಪ್ರಕಾಶನ. ಪ್ರಾರ್ಥನೆ, ಬೈಬಲ್ ವಾಕ್ಯ ಬರುತ್ತವೆ. ನನಗೆ ಅದರಿಂದ ಕಿರಿಕಿರಿ ಇಲ್ಲ. ಆ ಕಾಲದವರು ನಿಜವಾಗಿಯೂ ಹಾಗೆ ಯೋಚಿಸುತ್ತಿದ್ದರು. ಕೊನೆಯ ಅಧ್ಯಾಯದಲ್ಲಿ ನಾಯಕನಿಗೆ ದಿಢೀರ್ ಭಕ್ತಿ ಬಂದು ಎಲ್ಲ ಸರಿಹೋದರೆ ಮಾತ್ರ ಬೇಸರ.

ಈಗ ಹೆಸರುಗಳು. ಮೊದಲು ಎಲಿಜಬೆತ್ ಜಾರ್ಜ್ ಸ್ಪಿಯರ್ ಬರೆದ ‘ದಿ ವಿಚ್ ಆಫ್ ಬ್ಲ್ಯಾಕ್‌ಬರ್ಡ್ ಪಾಂಡ್’. 1958ರದ್ದು. ಮಕ್ಕಳ ವಿಭಾಗದಲ್ಲಿ ಹುಡುಕಿ, ನ್ಯೂಬೆರಿ ಪದಕ ಬಂದಿದೆ. 1687ರಲ್ಲಿ ಬಾರ್ಬಡೋಸ್‌ನಿಂದ ಕನೆಕ್ಟಿಕಟ್‌ನ ಪ್ಯೂರಿಟನ್ ಚಿಕ್ಕಮ್ಮನ ಮನೆಗೆ ಬರುವ ಹುಡುಗಿಯ ಕಥೆ. ಪ್ರೇಮ ಇದೆ, ಆದರೆ ಅದು ಬರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಇಂಗ್ಲಿಷ್ ಸರಳ. ನಿಮ್ಮ ಮಗಳು ಶಾಲೆಗೆ ಇಲ್ಲೇ ಹೋಗಿದ್ದರೆ ಆಗಲೇ ಓದಿರಲೂಬಹುದು.

ಆಮೇಲೆ ನೀವಿರುವ ಕಡೆಯದ್ದೇ ಬೇಕಾದರೆ ಲಾರಾ ಫ್ರಾಂಟ್ಜ್ ಅವರ ‘ದಿ ಲೇಸ್‌ಮೇಕರ್’. 1775ರ ವಿಲಿಯಮ್ಸ್‌ಬರ್ಗ್. ರಾಜನ ಪಕ್ಷದ ಮನೆಯ ಹುಡುಗಿ, ಸ್ವಾತಂತ್ರ್ಯದ ಪಕ್ಷದ ಹುಡುಗ. ಬಟ್ಟೆಬರೆ, ಊಟ, ತೋಟದ ವಿವರ ಇಷ್ಟಪಡುವವರಿಗೆ ಇವರ ಪುಸ್ತಕಗಳು ಹಬ್ಬ. ನಿಧಾನವಾಗಿ ಸಾಗುತ್ತವೆ, ನಿಮಗೆ ಅದು ತೊಂದರೆ ಆಗಲಿಕ್ಕಿಲ್ಲ. ಗಡಿನಾಡಿನ ಕಥೆ ಬೇಕಾದರೆ ಲೋರಿ ಬೆಂಟನ್ ಅವರ ‘ದಿ ವುಡ್ಸ್ ಎಡ್ಜ್’. 1757ರಲ್ಲಿ ಫೋರ್ಟ್ ವಿಲಿಯಂ ಹೆನ್ರಿ ಕೋಟೆ ಬಿದ್ದಾಗ ಒಬ್ಬ ಬ್ರಿಟಿಷ್ ಅಧಿಕಾರಿ ತನ್ನ ಸತ್ತ ಕೂಸನ್ನು ಇಟ್ಟು ಒನೈಡಾ ಕುಟುಂಬದ ಅವಳಿ ಕೂಸುಗಳಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಾನೆ. ಮುಂದಿನದೆಲ್ಲ ಆ ಒಂದು ತಪ್ಪಿನ ಫಲ. ಮಗಳಿಗೆ ಕೊಡಬೇಕಾದರೆ ಇದನ್ನು ಕೊಡಿ.

ಮೇರಿ ಜಾನ್‌ಸ್ಟನ್ 1900ರಲ್ಲಿ ಬರೆದ ‘ಟು ಹ್ಯಾವ್ ಅಂಡ್ ಟು ಹೋಲ್ಡ್’ ಹೊಗೆಸೊಪ್ಪಿನ ಮದುಮಗಳ ಕಥೆಗಳಿಗೆಲ್ಲ ದಾರಿ ಹಾಕಿದ್ದು. ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಕಾದಂಬರಿ. ಹಕ್ಕುಸ್ವಾಮ್ಯ ಮುಗಿದಿದೆ, ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಡಲ್ಗಳ್ಳರು, ಕತ್ತಿವರಸೆ, ಓಟ ಎಲ್ಲ ಭರಪೂರ. ಮೂಲನಿವಾಸಿಗಳ ಬಗ್ಗೆ ಅದರ ಭಾಷೆ ಮಾತ್ರ ಆ ಕಾಲದ್ದೇ, ಮೈ ಉರಿಯುತ್ತದೆ. ನಾನು ಅದನ್ನು 1621ರ ಬಗ್ಗೆ ತಿಳಿಯಲು ಓದುವುದಿಲ್ಲ, 1900ರ ಓದುಗರ ಬಗ್ಗೆ ತಿಳಿಯಲು ಓದುತ್ತೇನೆ.

ಕಾದಂಬರಿಗಳ ನಡುವೆ, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್ ಮತ್ತು ಅವನ ಹೆಂಡತಿ ಅಬಿಗೇಲ್ ಕಾಗದಗಳನ್ನು ಒಂದೊಂದಾಗಿ ಓದಿ. ಸಾವಿರಕ್ಕೂ ಹೆಚ್ಚು ಉಳಿದಿವೆ. ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಅವನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದೆ. 1764ರಲ್ಲಿ ಮದುವೆಯಾದವರು, ಆದರೆ ದೇಶದ ಕೆಲಸ ಅಂತ ವರ್ಷಗಟ್ಟಲೆ ದೂರ ಇದ್ದವರು. 1776ರಲ್ಲಿ ಹೊಸ ಕಾನೂನು ಬರೆಯುವಾಗ ಹೆಂಗಸರನ್ನು ಮರೆಯಬೇಡ ಅಂತ ಅವಳು ಬರೆದ ಕಾಗದ ಎಲ್ಲರಿಗೂ ಗೊತ್ತು. ಅದೇ ಕಾಗದಗಳಲ್ಲಿ ಗುಂಡುಸೂಜಿ ಸಿಗುತ್ತಿಲ್ಲ, ಮಕ್ಕಳಿಗೆ ಜ್ವರ ಅಂತಲೂ ಇದೆ. ಪ್ರೇಮ ಇರುವುದು ಅಂಥ ಸಾಲುಗಳ ನಡುವೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧಕಾಲದ ಕಥೆಗಳಿಗೆ ಬಂದರೆ ನಿಮಗೊಬ್ಬ ಪರಿಚಯದವನು ಸಿಗುತ್ತಾನೆ. ವಿಲಿಯಮ್ಸ್‌ಬರ್ಗ್‌ಗೆ ಹತ್ತಿರದ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಶರಣಾದ ಜನರಲ್ ಕಾರ್ನ್‌ವಾಲಿಸ್ಸೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮಕ್ಕಳನ್ನು ಒತ್ತೆ ತೆಗೆದುಕೊಂಡವನು. ಅಷ್ಟೇ ಅಲ್ಲ, 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಅಮೆರಿಕನ್ ಹಡಗಿನ ಹೆಸರು ‘ಹೈದರ್ ಆಲಿ’. ಬ್ರಿಟಿಷರಿಗೆ ನೀರು ಕುಡಿಸಿದ ನಮ್ಮ ಮೈಸೂರಿನ ಹೈದರನ ಹೆಸರೇ. ಈ ಹಡಗಿನ ಮೇಲೆ ಒಂದು ಪ್ರೇಮಕಥೆ ಬರೆದವರನ್ನು ನಾನಿನ್ನೂ ಕಂಡಿಲ್ಲ.

ಕೊನೆಗೆ ಸಣ್ಣಪುಟ್ಟ ಉಪಾಯಗಳು. ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಈ ಪುಸ್ತಕಗಳು ಫೋನಿಗೇ ಬರುತ್ತವೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಹಲವು ಆಡಿಯೋದಲ್ಲೂ ಇವೆ. ಪುಸ್ತಕದ ಹಿಂದೆ ‘ಆಥರ್ಸ್ ನೋಟ್’ ಇದ್ದರೆ ಅದನ್ನು ಮೊದಲು ಓದಿ. ಯಾವುದು ನಿಜ, ಯಾವುದು ಕಟ್ಟಿದ್ದು ಅಂತ ಒಳ್ಳೆಯ ಲೇಖಕಿಯರು ಅಲ್ಲಿ ಹೇಳಿರುತ್ತಾರೆ. ಕಥೆಯ ಗುಟ್ಟು ಒಂದೆರಡು ಬಯಲಾಗಬಹುದು, ಆಗಲಿ. ಮದುವೆ ಆಗುತ್ತದೆ ಅಂತ ಹೇಗೂ ಗೊತ್ತಲ್ಲ. ಐವತ್ತು ಪುಟ ಓದಿದರೂ ಇಬ್ಬರಿಗೆ ಅಡ್ಡ ಬಂದದ್ದು ಏನು ಅಂತ ಒಂದು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಪುಸ್ತಕ ವಾಪಸ್ ಕೊಡಿ, ಲೈಬ್ರರಿಯವರು ಕಾರಣ ಕೇಳುವುದಿಲ್ಲ.